ನುಡಿಗೆ ಬಾರದ ನೋವು: ಹದಿಹರೆಯದ ಸ್ವಯಂಗಾಯದ ಮನೋಭೂಮಿಕೆ

ಸಾಯುವ ಉದ್ದೇಶವಿಲ್ಲದೆ ತಮ್ಮ ದೇಹವನ್ನು ತಾವೇ ಗಾಯಗೊಳಿಸಿಕೊಳ್ಳುವ ವರ್ತನೆಗೆ ಕನ್ನಡದಲ್ಲಿ ನೆಲೆನಿಂತ ಹೆಸರಿಲ್ಲ. ಹೊರಗಿನವರು ಅದನ್ನು ಆತ್ಮಹತ್ಯಾಯತ್ನವೆನ್ನುತ್ತಾರೆ; ಮನೆಯವರು ಹಟವೆಂದೋ ನಾಟಕವೆಂದೋ ತಳ್ಳಿಹಾಕುತ್ತಾರೆ. ಎರಡೂ ಸಲ್ಲದ ಹೆಸರುಗಳು. ಪ್ರಸ್ತುತ ಲೇಖನದ ಮಟ್ಟಿಗೆ ಅದನ್ನು 'ಸ್ವಯಂಗಾಯ' ಎನ್ನಬಹುದು. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2014ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದರ ಪ್ರಕಾರ ಹದಿಹರೆಯದವರಲ್ಲಿ ಸುಮಾರು ಶೇ. 17 ಮಂದಿ ಒಮ್ಮೆಯಾದರೂ ಇದಕ್ಕೆ ಒಳಗಾದವರು.

ಮ್ಯಾಥ್ಯೂ ನಾಕ್ ಮತ್ತು ಮಿಚೆಲ್ ಪ್ರಿನ್‌ಸ್ಟೈನ್ 2004ರಲ್ಲಿ ಮಂಡಿಸಿದ ವಿವರಣೆಯಂತೆ ಈ ವರ್ತನೆಯ ಬೇರು ಹೆಚ್ಚಾಗಿ ಒಳಗಿನದು: ತಾಳಲಾರದ ಭಾವವನ್ನು ತಗ್ಗಿಸುವ, ಇಲ್ಲವೆ ಜಡಗಟ್ಟಿದ ಮನಸ್ಸು ಏನನ್ನಾದರೂ ಅನುಭವಿಸಬೇಕೆಂಬ ಯತ್ನ. ಇತರರ ಗಮನ ಸೆಳೆಯುವುದು ಅನೇಕರಲ್ಲಿ ಗೌಣ. ಬಹಳ ಮಂದಿ ಗಾಯವನ್ನು ಮರೆಮಾಚುವವರೇ. ದೊರೆಯುವ ಶಮನ ಕ್ಷಣಿಕ, ಬೆನ್ನಿಗೇ ನಾಚಿಕೆ ಮತ್ತು ಆತ್ಮನಿಂದೆ. ಬಾಲ್ಯದ ದೌರ್ಜನ್ಯ, ಖಿನ್ನತೆ, ಸಹಪಾಠಿಗಳ ಕಿರುಕುಳ ಇವೂ ಇದರೊಂದಿಗೆ ತಳಕುಹಾಕಿಕೊಂಡಿವೆ.

ಭಾಷಾಭ್ಯಾಸಿಗಳಿಗೆ ಮುಖ್ಯವಾದ ಅಂಶ ಇನ್ನೊಂದಿದೆ. ತನ್ನ ಭಾವವನ್ನು ಗುರುತಿಸಿ ಹೆಸರಿಸಲಾರದ ಸ್ಥಿತಿಗೆ ಮನೋವೈದ್ಯ ಪೀಟರ್ ಸಿಫ್ನಿಯೋಸ್ 1970ರ ದಶಕದಲ್ಲಿ 'ಅಲೆಕ್ಸಿಥೈಮಿಯ' ಎಂಬ ಹೆಸರಿತ್ತನು. ಗ್ರೀಕ್ ಮೂಲದಲ್ಲಿ 'ಭಾವಕ್ಕೆ ಮಾತಿಲ್ಲದಿರುವಿಕೆ'. ಸ್ವಯಂಗಾಯದೊಂದಿಗೆ ಈ ಸ್ಥಿತಿಗಿರುವ ಸಂಬಂಧವನ್ನು ಅನಂತರದ ಸಂಶೋಧನೆಗಳು ಮತ್ತೆ ಮತ್ತೆ ಗುರುತಿಸಿವೆ.

ಮುಂಬಯಿಯ ಅಂಚಿನ ಮುಲುಂಡಿನ ಕನ್ನಡ ಮನೆಯೊಂದನ್ನು ಊಹಿಸಿಕೊಳ್ಳಬಹುದು. ಹಿರಿಯರದು ಕನ್ನಡ ಅಥವಾ ತುಳು, ಶಾಲೆಯದು ಇಂಗ್ಲಿಷ್, ಬೀದಿಯದೂ ಲೋಕಲ್ ರೈಲಿನದೂ ಮರಾಠಿ, ಹಿಂದಿ. ಬಹುಭಾಷಿಕತೆ ರೋಗವಲ್ಲ, ಸ್ವಯಂಗಾಯಕ್ಕೆ ಕಾರಣವೂ ಅಲ್ಲ. ಹಾಗೆನ್ನುವುದು ಮುಂಬಯಿ ಕನ್ನಡಿಗರಿಗೆ ಮಾಡುವ ಅನ್ಯಾಯ. ಆದರೆ ಮಗುವಿನ ಕನ್ನಡವು ಊಟ, ಪರೀಕ್ಷೆಗಳ ಮಾತಿಗಷ್ಟೇ ಮೊಟಕಾದರೆ ಅದರ ಸಂಕಟ ಅಜ್ಜಿಯನ್ನಾಗಲಿ ತಾಯಿಯನ್ನಾಗಲಿ ತಲುಪುವ ದಾರಿ ಕಿರಿದಾಗುತ್ತದೆ. 'ಡಿಪ್ರೆಶನ್' ಎಂದರೆ ಬೆದರುವ ತಾಯಿಗೆ 'ಎದೆ ಭಾರವಾಗಿದೆ' ಎಂದರೆ ಅರ್ಥವಾದೀತು. ದುಗುಡ, ತಳಮಳ, ಬೇಗುದಿ ಇವು ಕೇವಲ ಪರ್ಯಾಯಪದಗಳಲ್ಲ: ತಳಮಳದಲ್ಲಿ ನಿಲ್ಲಲಾರದ ಚಡಪಡಿಕೆಯಿದೆ, ಬೇಗುದಿಯಲ್ಲಿ ಒಳಗೇ ಬೇಯುವ ಬಿಸಿಯಿದೆ, ದುಗುಡದಲ್ಲಿ ಮಾತುಡುಗಿಸುವ ಭಾರವಿದೆ. ನಿಘಂಟಿನಲ್ಲಿ ಒಂದೇ ಸಾಲಿಗೆ ಸೇರುವ ಈ ಪದಗಳ ಅಂತರ ಆಪ್ತಸಮಾಲೋಚಕನಿಗೆ ಅಮೂಲ್ಯವಾದುದು. ಭಾವವನ್ನು ಹೆಸರಿಸಿ ಸಹಿಸಲು ಕಲಿಸುವುದು ಮಾರ್ಷಾ ಲೈನ್‌ಹನ್ ರೂಪಿಸಿದ ಚಿಕಿತ್ಸಾಕ್ರಮದ ಒಂದು ಅಂಗವೇ ಆಗಿದೆ.

ಸಾಯುವ ಉದ್ದೇಶವಿಲ್ಲವೆಂದು ನಿಶ್ಚಿಂತರಾಗುವಂತಿಲ್ಲ. ಸ್ವಯಂಗಾಯವು ಮುಂದಿನ ಆತ್ಮಹತ್ಯಾಯತ್ನದ ಅಪಾಯವನ್ನು ಹೆಚ್ಚಿಸುವ ಸೂಚನೆ. ಗಾಯ ಕಂಡಾಗ ಗದರಿಕೆಗಿಂತ ಮೊದಲು ಬೇಕಾದುದು ಕೇಳುವ ಕಿವಿ, ಬಳಿಕ ತಜ್ಞರ ನೆರವು. ಕೇಂದ್ರ ಸರ್ಕಾರ 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲಿಯೂ ಮಾತನಾಡಬಹುದು.