ಕಾಫಿ ಸಂಸ್ಕರಣದ ಮಲಿನಜಲವೂ ತಲಕಾಡಿನ ಕಾವೇರಿಯೂ

ತಲಕಾಡೆಂದೊಡನೆ ಇತಿಹಾಸದ ವಿದ್ಯಾರ್ಥಿಗಳಿಗೆ ಗಂಗರ ರಾಜಧಾನಿಯೂ, ಚೋಳರಿಂದ ಅದನ್ನು ಗೆದ್ದು ‘ತಲಕಾಡುಗೊಂಡ’ನೆನಿಸಿದ ಹೊಯ್ಸಳ ವಿಷ್ಣುವರ್ಧನನೂ ನೆನಪಿಗೆ ಬರುವುದು ಸಹಜ. ಅಲ್ಲಿನ ಗುಡಿಗಳನ್ನು ಮುಚ್ಚಿದ ಮರಳಿಗೆ ಜನರು ಅಲಮೇಲಮ್ಮನ ಶಾಪವೇ ಕಾರಣವೆನ್ನುವರು. ನದಿಯ ಹರಿವನ್ನು ಬದಲಿಸಿದ ಮಾಧವಮಂತ್ರಿ ಕಟ್ಟೆಯೇ ಕಾರಣವೆಂದು ಕೆಲವು ಸಂಶೋಧಕರು ಊಹಿಸಿರುವರು. ಈ ಊಹೆ ಸರಿಯಾದಲ್ಲಿ, ನದಿಗೆ ಮನುಷ್ಯನು ಮಾಡಿದುದರ ಫಲವನ್ನು ದಂಡೆಯ ಊರು ಶತಮಾನಗಳ ಕಾಲ ಅನುಭವಿಸಿತೆನ್ನಬೇಕು. ಈ ದೃಷ್ಟಿಯಿಂದಲೇ ಕಾಫಿಯ ಮಲಿನಜಲದ ಪ್ರಶ್ನೆಯನ್ನು ನಾವು ಇಲ್ಲಿ ವಿಚಾರಿಸುತ್ತೇವೆ.

ತಲಕಾಡು ಕಾಫಿ ಬೆಳೆಯುವ ಸೀಮೆಯಲ್ಲ. ಆದರೆ ಅದರ ನೀರು ಬರುವುದು ಕಾಫಿಯ ಬೆಟ್ಟಗಳಿಂದ. ಕಾವೇರಿ ಹುಟ್ಟುವುದು ಕೊಡಗಿನಲ್ಲಿ. ಮೂಡಿಗೆರೆ, ಸಕಲೇಶಪುರಗಳ ಕಡೆಯಿಂದ ಬರುವ ಹೇಮಾವತಿ ಕೃಷ್ಣರಾಜಸಾಗರದಲ್ಲಿ ಅದನ್ನು ಕೂಡುತ್ತದೆ. ತಿರುಮಕೂಡಲು ನರಸೀಪುರದಲ್ಲಿ ಸೇರುವ ಕಪಿಲೆಯ ಮೂಲ ವಯನಾಡು. ಈ ಮೂರೂ ಕಾಫಿಯ ನಾಡುಗಳೇ.

ಕಾಫಿಯ ಹಣ್ಣನ್ನು ಎರಡು ವಿಧದಲ್ಲಿ ಹದಗೊಳಿಸುವರು. ಹಣ್ಣನ್ನು ಹಾಗೆಯೇ ಕಣದಲ್ಲಿ ಒಣಗಿಸಿದರೆ ಅದು ಚೆರ್ರಿ. ಇದಕ್ಕೆ ನೀರು ಬೇಕಿಲ್ಲ. ಹಣ್ಣನ್ನು ಪಲ್ಪರ್ ಯಂತ್ರಕ್ಕೆ ಕೊಟ್ಟು ಸಿಪ್ಪೆ ಬಿಡಿಸಿ, ಬೀಜಕ್ಕಂಟಿದ ಲೋಳೆಯನ್ನು ಹುಳಿಯಿಸಿ ಅಥವಾ ಉಜ್ಜಿ ತೆಗೆದು, ತೊಳೆದು ಒಣಗಿಸಿದರೆ ಪಾರ್ಚ್‌ಮೆಂಟ್. ಬೆಲೆ ಹೆಚ್ಚು ಸಿಗುವುದು ಸಾಮಾನ್ಯವಾಗಿ ಇದಕ್ಕೇ. ಮಲಿನಜಲ ಹುಟ್ಟುವುದೂ ಇದರಿಂದಲೇ.

ಈ ನೀರಿನಲ್ಲಿ ವಿಷವೇನೂ ಬೆರೆಸಿಲ್ಲವಲ್ಲ ಎಂದು ಕೆಲವರು ಕೇಳಬಹುದು. ದೋಷವಿರುವುದು ಲೋಳೆಯ ಸಕ್ಕರೆ ಹಾಗೂ ಪೆಕ್ಟಿನ್‌ಗಳಲ್ಲಿ. ಇವು ಹುಳಿತಾಗ ನೀರಿನ ಪಿಎಚ್ ಸುಮಾರು 4ಕ್ಕೆ ಇಳಿಯುತ್ತದೆ. ಇವನ್ನು ತಿನ್ನುವ ಸೂಕ್ಷ್ಮಜೀವಿಗಳು ಹಳ್ಳದ ನೀರಿನಲ್ಲಿ ಕರಗಿರುವ ಆಮ್ಲಜನಕವನ್ನು ಹೀರಿಬಿಡುವುದರಿಂದ ಮೀನುಗಳು ಉಸಿರುಕಟ್ಟಿ ಸಾಯುತ್ತವೆ. ಈ ಹಾನಿಯ ಅಳತೆಗೆ ಜೈವಿಕ ಆಮ್ಲಜನಕ ಬೇಡಿಕೆಯೆಂದು ಹೆಸರು. ಕಾಫಿಯ ಮಲಿನಜಲದಲ್ಲಿ ಅದು ಲೀಟರಿಗೆ ಹಲವು ಸಾವಿರ ಮಿಲಿಗ್ರಾಂ. 1986ರ ಪರಿಸರ ಸಂರಕ್ಷಣಾ ನಿಯಮಗಳ ಸಾಮಾನ್ಯ ಮಾನದಂಡದಂತೆ ಹೊಳೆಗೆ ಬಿಡುವ ನೀರಿನಲ್ಲಿ 30, ನೆಲಕ್ಕೆ ಹಾಯಿಸುವ ನೀರಿನಲ್ಲಿ 100 ಮಿಲಿಗ್ರಾಂ ಮೀರಬಾರದು.

ಪರಿಹಾರದ ಕ್ರಮ ಹೀಗಿದೆ. ಮೊದಲು ನೀರಿನ ಬಳಕೆಯನ್ನೇ ತಗ್ಗಿಸಬೇಕು. ಪಲ್ಪರಿನ ನೀರನ್ನು ಸೋಸಿ ಮತ್ತೆ ಬಳಸಬಹುದು. ಸಿಪ್ಪೆಯನ್ನು ಬೇರ್ಪಡಿಸಿ ಗೊಬ್ಬರ ಮಾಡಬೇಕು. ಉಳಿದ ನೀರಿಗೆ ಸುಣ್ಣ ಬೆರೆಸಿ ಹುಳಿ ಕಳೆದು, ಸೋರದಂತೆ ಕಟ್ಟಿದ ಹೊಂಡದಲ್ಲಿ ನಿಲ್ಲಿಸಬೇಕು. ಅಲ್ಲಿ ಸಗಣಿಯ ಬಗ್ಗಡದೊಡನೆ ಸೇರಿಸಿದ ಸೂಕ್ಷ್ಮಜೀವಿಗಳು ಗಾಳಿಯಿಲ್ಲದೆಯೇ ಸಕ್ಕರೆಯನ್ನು ಒಡೆದು ಮೀಥೇನ್ ಅನಿಲವನ್ನುಂಟುಮಾಡುವುವು. ಬಳಿಕ ಇನ್ನೊಂದು ತೊಟ್ಟಿಯಲ್ಲಿ ಗಾಳಿಯಾಡಿಸಿ, ಮಡ್ಡಿಯನ್ನು ತಳಕ್ಕಿಳಿಸಿ, ತಿಳಿಯನ್ನು ತೋಟಕ್ಕೆ ಹಾಯಿಸಬಹುದು. ಸುಣ್ಣ ಹಾಕಿದ ಮಾತ್ರಕ್ಕೆ ನೀರು ಶುದ್ಧವಾಯಿತೆಂದು ಭಾವಿಸುವುದು ತಪ್ಪು; ಹುಳಿ ಹೋದರೂ ಸಕ್ಕರೆ ಉಳಿದಿರುತ್ತದೆ.

ಪಲ್ಪಿಂಗ್ ಕೆಲಸವೆಲ್ಲ ನವೆಂಬರಿನಿಂದ ಮಾರ್ಚಿಯೊಳಗೆ, ಹೊಳೆ ಇಳಿಯುವ ಕಾಲದಲ್ಲಿಯೇ ನಡೆಯುತ್ತದೆ. 2013, 2020ರಲ್ಲಿ ಜರುಗಿದ ತಲಕಾಡಿನ ಪಂಚಲಿಂಗ ದರ್ಶನ ಕಾರ್ತಿಕ ಮಾಸದ್ದು. ತಿರುಮಕೂಡಲಿನಲ್ಲಿ 1989ರಲ್ಲಿ ಮೊದಲಾದ ಕುಂಭಮೇಳ ಮಾಘದ್ದು. ಜನರು ನದಿಯಲ್ಲಿ ಮೀಯುವ ತಿಂಗಳುಗಳೂ ಬೆಟ್ಟದಲ್ಲಿ ಕಾಫಿ ತೊಳೆಯುವ ತಿಂಗಳುಗಳೂ ಒಂದೇ ಎಂಬುದು ಗಮನಾರ್ಹ. ಆದರೆ ತಲಕಾಡಿನ ನೀರಿನ ಕೊಳೆಯೆಲ್ಲ ಕಾಫಿಯದೇ ಎಂದರೆ ಅನ್ಯಾಯವಾದೀತು. ನಡುವೆ ಜಲಾಶಯಗಳೂ ನಗರಗಳೂ ಇವೆ. ಕಾಫಿನೀರಿನ ಮೊದಲ ಪೆಟ್ಟು ತೋಟದ ಪಕ್ಕದ ಹಳ್ಳಕ್ಕೆ, ಅದನ್ನು ಕುಡಿಯುವ ಊರಿಗೆ.

ಬೆಳೆಗಾರರಲ್ಲಿ ಬಹುಮಂದಿ ಸಣ್ಣ ಹಿಡುವಳಿದಾರರು. ಒಬ್ಬೊಬ್ಬರೇ ಹೊಂಡ ತೊಟ್ಟಿಗಳನ್ನು ಕಟ್ಟುವುದು ಅವರಿಗೆ ಭಾರ. ಹಲವರು ಕೂಡಿ ಒಂದೆಡೆ ಪಲ್ಪಿಂಗ್ ಮಾಡಿ, ಆ ನೀರನ್ನು ಅಲ್ಲಿಯೇ ಶುದ್ಧಿಮಾಡುವುದು ಲೇಸು. ಕೆಳದಂಡೆಯವರ ಹಿತ ಮೇಲ್ದಂಡೆಯವರ ಕೈಯಲ್ಲಿದೆ. ಮರಳಿನಡಿಯ ತಲಕಾಡಿಗೆ ಇದನ್ನು ಬೇರೆ ಹೇಳಬೇಕಾಗಿಲ್ಲ.