ಸುಡುವುದೋ, ತಣ್ಣಗೆ ಕತ್ತರಿಸುವುದೋ?

ದೊಡ್ಡ ಕರುಳಿನ ಒಳಪದರದಲ್ಲಿ ಮೂಡುವ ಪಾಲಿಪ್ ಎಂಬ ಮಾಂಸದ ಕುಡಿಗಳಲ್ಲಿ ಹೆಚ್ಚಿನವು ನಿರುಪದ್ರವಿಗಳು. ಆದರೆ ಅಡೆನೋಮಾ ಎಂಬ ಜಾತಿಯವುಗಳಲ್ಲಿ ಕೆಲವು ವರ್ಷಗಟ್ಟಲೆ ಬೆಳೆದು ಕ್ಯಾನ್ಸರಾಗುತ್ತವೆ. ಇವನ್ನು ಮೊದಲೇ ತೆಗೆದುಹಾಕುವುದು ಪ್ರಾಣ ಉಳಿಸುತ್ತದೆ ಎಂಬುದಕ್ಕೆ ಅಮೆರಿಕದ ರಾಷ್ಟ್ರೀಯ ಪಾಲಿಪ್ ಅಧ್ಯಯನ 2012ರಲ್ಲಿ ಬಲವಾದ ಆಧಾರ ಒದಗಿಸಿತು. ಪ್ರಶ್ನೆ ಉಳಿದಿರುವುದು ತೆಗೆಯುವ ವಿಧಾನದ ಬಗ್ಗೆ.

ನ್ಯೂಯಾರ್ಕಿನ ವಿಲಿಯಂ ವೋಲ್ಫ್ ಮತ್ತು ಹಿರೋಮಿ ಶಿನ್ಯಾ 1969ರಲ್ಲಿ ಕೊಲೊನೋಸ್ಕೋಪ್ ಮೂಲಕ ತಂತಿಯ ಕುಣಿಕೆಯನ್ನು ಒಳಗಿಳಿಸಿ, ವಿದ್ಯುತ್ ಹರಿಸಿ ಪಾಲಿಪ್ ಕತ್ತರಿಸಿದರು. ಹೊಟ್ಟೆ ಕೊಯ್ಯುವ ಕಷ್ಟ ತಪ್ಪಿತು. ಕಾದ ತಂತಿ ಕತ್ತರಿಸುತ್ತಲೇ ರಕ್ತನಾಳವನ್ನೂ ಮುಚ್ಚುತ್ತದೆ, ಆದ್ದರಿಂದ ಬಿಸಿಯೇ ಕ್ಷೇಮ ಎಂಬ ತರ್ಕ ದಶಕಗಳ ಕಾಲ ನಡೆಯಿತು.

ತೈವಾನಿನಲ್ಲಿ 4,270 ಮಂದಿಯ ಮೇಲೆ ನಡೆದು 2023ರಲ್ಲಿ ಪ್ರಕಟವಾದ ಪರೀಕ್ಷೆ ಈ ತರ್ಕವನ್ನು ತಲೆಕೆಳಗು ಮಾಡಿತು. 4ರಿಂದ 10 ಮಿಲಿಮೀಟರ್ ಗಾತ್ರದ ಪಾಲಿಪ್‌ಗಳನ್ನು ಬಿಸಿ ಕುಣಿಕೆಯಿಂದ ತೆಗೆದಾಗ ಶೇ 1.5ರಷ್ಟು ಮಂದಿಗೆ ತಡವಾಗಿ ರಕ್ತಸ್ರಾವವಾಯಿತು. ವಿದ್ಯುತ್ ಹರಿಸದ ತಣ್ಣನೆಯ ಕುಣಿಕೆಯಲ್ಲಿ ಅದು ಶೇ 0.4 ಮಾತ್ರ. ಪೂರ್ಣವಾಗಿ ತೆಗೆಯುವುದರಲ್ಲಿ ಎರಡಕ್ಕೂ ವ್ಯತ್ಯಾಸವಿರಲಿಲ್ಲ. ತಣ್ಣನೆಯ ಕೊಯ್ತದಲ್ಲಿ ರಕ್ತ ವೈದ್ಯರ ಕಣ್ಣೆದುರೇ ಜಿನುಗಿ, ಸಾಮಾನ್ಯವಾಗಿ ತಾನಾಗಿ ನಿಲ್ಲುತ್ತದೆ. ಬಿಸಿ ಆಳದ ನಾಳಗಳನ್ನೂ ಘಾಸಿಗೊಳಿಸುವುದರಿಂದ ರೋಗಿ ಮನೆ ಸೇರಿದ ದಿನಗಳ ಮೇಲೆ ರಕ್ತ ಒಸರಬಹುದು. ಅಗ್ಗದ, ಸರಳ ವಿಧಾನವೇ ಮೇಲೆಂದು ಸಾಬೀತಾಗುವುದು ಇಂದಿನ ವೈದ್ಯಕೀಯದಲ್ಲಿ ಅಪರೂಪ. ದುಬಾರಿ ಯಂತ್ರವೇ ಉತ್ತಮ ಚಿಕಿತ್ಸೆಯೆಂದು ನಂಬಿದ ನಮ್ಮ ವರ್ಗಕ್ಕೆ ಇದನ್ನು ಒಪ್ಪುವುದು ಕೊಂಚ ಕಷ್ಟವೇ.

ಎರಡು ಸೆಂಟಿಮೀಟರ್ ಮೀರಿದ ಚಪ್ಪಟೆ ಪಾಲಿಪ್‌ಗಳ ಲೆಕ್ಕ ಬೇರೆ. ಇ.ಎಂ.ಆರ್. ವಿಧಾನದಲ್ಲಿ ಅಡಿಗೆ ದ್ರವ ಚುಚ್ಚಿ ಗುಳ್ಳೆಯಂತೆ ಎಬ್ಬಿಸಿ, ಕುಣಿಕೆಯಿಂದ ತುಂಡುತುಂಡಾಗಿ ತೆಗೆಯುತ್ತಾರೆ. ಜಪಾನಿನಲ್ಲಿ ಬೆಳೆದ ಇ.ಎಸ್.ಡಿ. ವಿಧಾನದಲ್ಲಿ ಸೂಕ್ಷ್ಮ ಚಾಕುವಿನಿಂದ ಸುತ್ತಲೂ ಬಿಡಿಸಿ ಇಡಿಯಾಗಿ ಎತ್ತುತ್ತಾರೆ. ಇದಕ್ಕೆ ಸಮಯವೂ ಕೈಚಳಕವೂ ಹೆಚ್ಚು ಬೇಕು. ಫ್ರಾನ್ಸಿನ ಪರೀಕ್ಷೆಯೊಂದರಲ್ಲಿ, 25 ಮಿಲಿಮೀಟರ್ ಮೀರಿದ ಪಾಲಿಪ್‌ಗಳು ಆರು ತಿಂಗಳಲ್ಲಿ ಮರುಕಳಿಸಿದ ಪ್ರಮಾಣ ಮೊದಲನೆಯದರಲ್ಲಿ ಶೇ 5.1, ಎರಡನೆಯದರಲ್ಲಿ ಶೇ 0.6. ಆದರೆ ತೊಡಕುಗಳು ಎರಡನೆಯದರಲ್ಲೇ ಹೆಚ್ಚು.

ಮರುಕಳಿಸಿದ್ದು ಸಾಮಾನ್ಯವಾಗಿ ಚಿಕ್ಕದಿರುತ್ತದೆ, ಮತ್ತೆ ತೆಗೆಯಬಹುದು ಎಂಬ ಸಮಾಧಾನ ನ್ಯಾಯವಾದದ್ದೇ. ಆದರೆ ಅದಕ್ಕೆ ರೋಗಿ ಆರು ತಿಂಗಳಿಗೆ ತಪ್ಪದೆ ಮರಳಬೇಕು. ಬೀದರಿನಿಂದ ಬೆಂಗಳೂರಿಗೆ ಬರುವವನಿಗೆ ಮರುಪರೀಕ್ಷೆಯೆಂದರೆ ಪ್ರಯಾಣ, ಜೊತೆಗೊಬ್ಬರು, ಭೇದಿ ಔಷಧಿ ಕುಡಿದ ಒಂದು ದಿನ, ಇಬ್ಬರ ದುಡಿಮೆ ನಷ್ಟ. ಅರ್ಥಶಾಸ್ತ್ರ ಓದಿದವರಿಗೆ ಇದು ಆಸ್ಪತ್ರೆಯ ಬಿಲ್ಲಿನಲ್ಲಿ ಕಾಣದ ವೆಚ್ಚ. ಮರಳಿ ಬರುವುದು ಅನುಮಾನವಿರುವ ರೋಗಿಗೆ, ನುರಿತ ಕೈ ಸಿಗುವುದಾದರೆ, ಇಡಿಯಾಗಿ ತೆಗೆಯುವುದೇ ಲೇಸೆಂದು ನನ್ನ ಅಭಿಪ್ರಾಯ. ಕ್ಯಾನ್ಸರಿನ ಕುರುಹಿಲ್ಲದ ದೊಡ್ಡ ಪಾಲಿಪ್‌ಗಾಗಿ ಕರುಳಿನ ಭಾಗವನ್ನೇ ಕತ್ತರಿಸಲು ಹೊರಡುವ ಮುನ್ನ ಇಂಥ ಪರಿಣತರನ್ನು ಕಾಣಬೇಕೆಂದು ತಜ್ಞರ ಮಾರ್ಗಸೂಚಿಗಳೂ ಹೇಳುತ್ತವೆ.

ಬಿಡುಗಡೆ ಪತ್ರದಲ್ಲಿ ‘ಪಾಲಿಪ್ ತೆಗೆಯಲಾಗಿದೆ’ ಎಂದಷ್ಟೇ ಇದ್ದರೆ ಸಾಲದು. ಗಾತ್ರವೆಷ್ಟು, ಯಾವ ವಿಧಾನ, ಒಂದೇ ತುಂಡೋ ಹಲವೋ ಎಂಬುದನ್ನು ಬರೆಸಿಕೊಳ್ಳಬೇಕು. ಮುಂದಿನ ಪರೀಕ್ಷೆಯ ದಿನ ನಿಗದಿಯಾಗುವುದು ಇವುಗಳ ಮತ್ತು ಪ್ರಯೋಗಾಲಯದ ವರದಿಯ ಆಧಾರದ ಮೇಲೆ.