ಮಳೆಗಾಲದ ಶಿಲಾರೋಹಣ

ಕನ್ನಡ ನಾಡಿನಲ್ಲಿ ಬಂಡೆಗಳಿಗೆ ಬರವಿಲ್ಲ. ಚಿತ್ರದುರ್ಗದ ಕೋಟೆಯನ್ನು ಹೊತ್ತು ನಿಂತ ಹೆಬ್ಬಂಡೆಗಳು, ರಾಮನಗರದ ಬೋಳುಬೆಟ್ಟಗಳು, ಹಂಪೆಯ ಗುಂಡುಕಲ್ಲುಗಳ ರಾಶಿ, ಬಾದಾಮಿಯ ಕೆಂಪು ಮರಳುಗಲ್ಲಿನ ಗೋಡೆಗಳು, ಇವುಗಳನ್ನು ಕಂಡ ತರುಣರಿಗೆ ಏರಬೇಕೆಂಬ ಹಂಬಲ ಹುಟ್ಟುವುದು ಸಹಜ. ಹಿಂದೆ ಕೋಟೆಗೆ ಲಗ್ಗೆಯಿಡುವವರು ಉಡದ ಸೊಂಟಕ್ಕೆ ಹಗ್ಗ ಕಟ್ಟಿ ಮೇಲೆ ಬಿಟ್ಟು, ಅದು ಕಲ್ಲನ್ನು ಕಚ್ಚಿ ಹಿಡಿದ ಮೇಲೆ ಹಗ್ಗದ ಆಸರೆಯಿಂದ ಗೋಡೆಯನ್ನು ಏರುತ್ತಿದ್ದರೆಂಬ ಕಥೆ ನಮ್ಮಲ್ಲಿ ಪ್ರಚಲಿತವಾಗಿದೆ. ಬಿಡದ ಹಿಡಿತಕ್ಕೆ ‘ಉಡದ ಪಟ್ಟು’ ಎಂದು ಇಂದಿಗೂ ಹೇಳುತ್ತೇವೆ. ಅಂದು ಯುದ್ಧದ ಅಗತ್ಯವಾಗಿದ್ದ ಈ ವಿದ್ಯೆ ಇಂದು ಶಿಲಾರೋಹಣವೆಂಬ ಕ್ರೀಡೆಯಾಗಿದೆ.

ಮೆಟ್ಟಿಲು ಹತ್ತಿ ಬೆಟ್ಟದ ನೆತ್ತಿಯನ್ನು ಸೇರುವುದು ಬೇರೆ, ಶಿಲಾರೋಹಣ ಬೇರೆ. ಕಡಿದಾದ ಬಂಡೆಯ ಬಿರುಕು, ಅಂಚು, ಉಬ್ಬುಗಳಲ್ಲಿ ಕೈಬೆರಳನ್ನೂ ಕಾಲ್ಬೆರಳನ್ನೂ ಊರಿ, ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಏರುವುದೇ ಶಿಲಾರೋಹಣ. ಹಗ್ಗದ ಇನ್ನೊಂದು ತುದಿ ಕೆಳಗೆ ನಿಂತ ಸಂಗಾತಿಯ ಹಿಡಿತದಲ್ಲಿರುತ್ತದೆ. ಏರುವವನು ಜಾರಿದರೆ ಅವನನ್ನು ತಡೆದು ನಿಲ್ಲಿಸುವ ಹೊಣೆ ಆ ಸಂಗಾತಿಯದು. ಆದ್ದರಿಂದ ಇದು ಒಬ್ಬರ ಸಾಹಸವಲ್ಲ, ಇಬ್ಬರ ನಂಬಿಕೆ. ಈ ವಿದ್ಯೆಯನ್ನು ಗುರುಮುಖದಿಂದಲೇ ಕಲಿಯಬೇಕು. ನಮ್ಮ ರಾಜ್ಯದಲ್ಲಿ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿಯು ಇಂತಹ ತರಬೇತಿಯನ್ನು ನೀಡುತ್ತದೆ. ನುರಿತ ಶಿಕ್ಷಕರಿಲ್ಲದೆ ವಿದ್ಯಾರ್ಥಿಗಳು ಬಂಡೆಗೆ ಕೈಹಚ್ಚಬಾರದು.

ಮಳೆಗಾಲ ಬಂದಿತೆಂದರೆ ಗುಡ್ಡಗಳು ಹಸಿರುಡುತ್ತವೆ, ಝರಿಗಳು ಜೀವ ತಳೆಯುತ್ತವೆ. ಮನಸ್ಸು ಬೆಟ್ಟದ ಕಡೆಗೆ ಓಡುತ್ತದೆ. ಆದರೆ ಶಿಲಾರೋಹಿಗೆ ಮಳೆಯಷ್ಟು ಕಠಿಣ ಪರೀಕ್ಷಕ ಬೇರೊಬ್ಬನಿಲ್ಲ. ಮಳೆಯ ದಿನಗಳ ಯಾತ್ರೆಯಲ್ಲಿ ಏರುವ ಯೋಜನೆಗಿಂತ ಮೊದಲು ಹಿಂದಿರುಗುವ ಯೋಜನೆ ಸಿದ್ಧವಾಗಿರಬೇಕು. ಇದೇ ಈ ವಿದ್ಯೆಯ ಮೊದಲ ಪಾಠ.

ಯೋಜನೆ ಆರಂಭವಾಗುವುದು ಮಳೆಯ ಸ್ವಭಾವವನ್ನು ತಿಳಿಯುವುದರಿಂದ. ದಾವಣಗೆರೆ ಜಿಲ್ಲೆಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಜಿಲ್ಲೆಯ ಪಶ್ಚಿಮಕ್ಕೆ ಮಲೆನಾಡಿನ ಸೆರಗಿನಲ್ಲಿ ನ್ಯಾಮತಿ, ಹೊನ್ನಾಳಿ, ಚನ್ನಗಿರಿ ತಾಲ್ಲೂಕುಗಳಿವೆ. ಪೂರ್ವಕ್ಕೆ ಬಯಲುಸೀಮೆಯ ಜಗಳೂರು ಇದೆ. ಒಂದೇ ಜಿಲ್ಲೆಯಾದರೂ ಮಳೆ ಒಂದೇ ಅಲ್ಲ. ಜೂನ್ ಕೊನೆಯಿಂದ ಆಗಸ್ಟ್‌ವರೆಗೆ, ನಮ್ಮ ರೈತರ ಲೆಕ್ಕದಲ್ಲಿ ಆರಿದ್ರಾ, ಪುನರ್ವಸು, ಪುಷ್ಯ ಮಳೆಗಳ ಕಾಲದಲ್ಲಿ, ನ್ಯಾಮತಿಯ ಕಡೆ ಜಡಿಮಳೆ ಹಿಡಿಯುವುದುಂಟು. ಆಗ ಹನಿ ಸಣ್ಣದು, ಆದರೆ ಬಿಡುವಿಲ್ಲ. ಬಂಡೆಗೆ ಒಣಗಲು ಸಮಯವೇ ದೊರೆಯದೆ ಅದರ ಮೇಲೆ ಪಾಚಿ ಬೆಳೆಯುತ್ತದೆ. ಜಗಳೂರಿನ ಮಳೆಯಾದರೋ ಅಪರೂಪದ್ದು. ಅಲ್ಲಿ ಮುಂಗಾರಿಗೆ ಮೊದಲು ಬೀಳುವ ಭರಣಿ ಮಳೆಯಾಗಲಿ, ಹಿಂಗಾರಿನ ಹೊತ್ತಿನ ಹಸ್ತ, ಚಿತ್ತ ಮಳೆಗಳಾಗಲಿ ಬಹುಮಟ್ಟಿಗೆ ಗುಡುಗು ಸಿಡಿಲಿನೊಡನೆ ಮಧ್ಯಾಹ್ನ ಅಥವಾ ಸಂಜೆ ಬಂದು, ಸುರಿದು, ಹೋಗಿಬಿಡುತ್ತವೆ. ಜಡಿಮಳೆಗೆ ಉಪಾಯ ಯಾತ್ರೆಯನ್ನು ಮುಂದೂಡುವುದು. ಗುಡುಗು ಮಳೆಗೆ ಉಪಾಯ ಬೆಳಗ್ಗೆಯೇ ಏರಿ ನಡುಹಗಲಿನೊಳಗೆ ಇಳಿಯುವುದು. ಮಳೆಗಾಲವೆಂಬ ಒಂದೇ ಹೆಸರಿನ ಕೆಳಗೆ ಎರಡು ಬಗೆಯ ಅಪಾಯಗಳೂ ಎರಡು ಬಗೆಯ ಪರಿಹಾರಗಳೂ ಇವೆಯೆಂಬುದನ್ನು ಗಮನಿಸಬೇಕು.

ಹೊನ್ನಾಳಿಯು ಇನ್ನೊಂದು ಪಾಠವನ್ನು ಕಲಿಸುತ್ತದೆ. ಅದು ತುಂಗಭದ್ರಾ ನದಿಯ ದಡದಲ್ಲಿರುವ ಊರು. ತುಂಗೆಯೂ ಭದ್ರೆಯೂ ಘಟ್ಟದ ನೀರನ್ನು ಹೊತ್ತು ತಂದು ಕೂಡಲಿಯಲ್ಲಿ ಒಂದಾಗಿ ಇತ್ತ ಹರಿಯುತ್ತವೆ. ಹೊನ್ನಾಳಿಯ ಆಕಾಶದಲ್ಲಿ ಬಿಸಿಲಿದ್ದರೂ ಘಟ್ಟದಲ್ಲಿ ಮಳೆ ಬಿದ್ದಿದ್ದರೆ ಹೊಳೆ ದಡ ಮೀರಬಹುದು. ಬೆಟ್ಟದ ಹಳ್ಳಗಳ ಮಾತೂ ಹೀಗೆಯೇ. ಬೆಳಗ್ಗೆ ಪಾದ ನೆನೆಯದಂತೆ ದಾಟಿದ ಹಳ್ಳ ಸಂಜೆ ಎದೆಮಟ್ಟಕ್ಕೆ ಬಂದು ಹಿಂದಿರುಗುವ ದಾರಿಯನ್ನು ಮುಚ್ಚಬಹುದು. ಆದುದರಿಂದ ತಲೆಯ ಮೇಲಿನ ಮೋಡವನ್ನಷ್ಟೇ ಅಲ್ಲ, ನೀರು ಬರುವ ದಿಕ್ಕಿನ ಮೋಡವನ್ನೂ ನೋಡಬೇಕು. ಹಳ್ಳ ದಾಟದೆ ಮರಳುವ ಇನ್ನೊಂದು ದಾರಿಯನ್ನು ಮೊದಲೇ ಗುರುತಿಸಿಕೊಂಡಿರಬೇಕು.

ಇಂದು ಹವಾಮಾನದ ಮುನ್ಸೂಚನೆ ಸುಲಭವಾಗಿ ದೊರೆಯುತ್ತದೆ. ಭಾರತೀಯ ಹವಾಮಾನ ಇಲಾಖೆಯು ಜಿಲ್ಲೆಗಳಿಗೆ ಹಸಿರು, ಹಳದಿ, ಕಿತ್ತಳೆ, ಕೆಂಪು ಎಂಬ ನಾಲ್ಕು ಬಣ್ಣಗಳಲ್ಲಿ ಎಚ್ಚರಿಕೆ ನೀಡುತ್ತದೆ. 24 ಗಂಟೆಗಳಲ್ಲಿ 64.5 ಮಿಲಿಮೀಟರಿಗೂ ಮಿಗಿಲಾಗಿ ಬೀಳುವುದನ್ನು ಆ ಇಲಾಖೆ ಭಾರಿ ಮಳೆಯೆಂದು ಕರೆಯುತ್ತದೆ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವೂ ಮಳೆಯ ವಿವರಗಳನ್ನು ಒದಗಿಸುತ್ತದೆ. ಸಿಡಿಲಿನ ಮುನ್ಸೂಚನೆಗಾಗಿ ‘ದಾಮಿನಿ’ ಎಂಬ ಮೊಬೈಲ್ ತಂತ್ರಾಂಶವಿದೆ. ಇವೆಲ್ಲವನ್ನೂ ಹೊರಡುವ ಹಿಂದಿನ ದಿನವೂ ಹೊರಡುವ ಬೆಳಗ್ಗೆಯೂ ನೋಡಬೇಕು. ಜೊತೆಗೆ ಬೆಟ್ಟದ ಬುಡದ ಹಳ್ಳಿಯ ಕುರಿಗಾಹಿಯನ್ನೋ ರೈತನನ್ನೋ ಒಂದು ಮಾತು ಕೇಳಬೇಕು. ಯಾವ ಬಂಡೆಯಲ್ಲಿ ನೀರು ಇಳಿಯುತ್ತದೆ, ಎಲ್ಲಿ ಹೆಜ್ಜೇನು ಕಟ್ಟಿದೆ, ಕರಡಿ ಓಡಾಡುವ ಜಾಡು ಯಾವುದು ಎಂಬುದನ್ನು ಯಾವ ಯಂತ್ರವೂ ಅವರಷ್ಟು ಚೆನ್ನಾಗಿ ಹೇಳಲಾರದು.

ಮಳೆಯನ್ನು ತಿಳಿದ ಬಳಿಕ ಬಂಡೆಯನ್ನು ತಿಳಿಯಬೇಕು. ಚಿತ್ರದುರ್ಗ, ರಾಮನಗರ, ಹಂಪೆಗಳ ಗ್ರಾನೈಟ್ ಶಿಲೆ ಗಟ್ಟಿ. ನೀರು ಅದರ ಒಡಲಿಗೆ ಹೆಚ್ಚಾಗಿ ಇಳಿಯದು. ಮಳೆ ನಿಂತು ಒಳ್ಳೆಯ ಬಿಸಿಲು ಬಿದ್ದರೆ ಕೆಲವು ಗಂಟೆಗಳಲ್ಲಿ ಮೈ ಒಣಗುತ್ತದೆ. ಆದರೆ ನೀರು ಹರಿದು ಹರಿದು ಕಪ್ಪು ಗೆರೆ ಮೂಡಿದ ಕಡೆ ಪಾಚಿಯಿರುತ್ತದೆ. ಅಲ್ಲಿ ಕಾಲಿಟ್ಟರೆ ಎಣ್ಣೆಯ ಮೇಲೆ ಕಾಲಿಟ್ಟಂತೆಯೇ ಸರಿ. ಬಾದಾಮಿಯ ಮರಳುಗಲ್ಲಿನ ಗುಣ ಬೇರೆ. ಅದು ತನ್ನ ಸೂಕ್ಷ್ಮ ರಂಧ್ರಗಳಲ್ಲಿ ನೀರನ್ನು ಹೀರಿಕೊಳ್ಳುತ್ತದೆ. ಹೊರಮೈ ಒಣಗಿದಂತೆ ಕಂಡರೂ ಒಳಗೆ ತೇವವಿದ್ದು, ಹಿಡಿದ ಅಂಚು ಮುರಿದು ಕೈಗೆ ಬರಬಹುದು. ಅಂತಹ ಕಲ್ಲನ್ನು ಮಳೆಯ ನಂತರ ಒಂದೆರಡು ದಿನವಾದರೂ ಮುಟ್ಟಬಾರದು. ಹೊನ್ನಾಳಿ, ಶಿವಮೊಗ್ಗಗಳ ಕಡೆ ಪದರುಪದರಾದ ಶಿಸ್ಟ್ ಎಂಬ ಶಿಲೆಯುಂಟು. ಅದರ ಶಿಥಿಲವಾದ ಪದರುಗಳು ಮಳೆಯಲ್ಲಿ ಸಡಿಲಗೊಂಡು ಜಾರುತ್ತವೆ. ಯಾವ ಬಂಡೆಯಾದರೂ ಭಾರ ಹಾಕುವ ಮೊದಲು ತಟ್ಟಿ ನೋಡಬೇಕು. ಪೊಳ್ಳು ದನಿ ಬಂದರೆ ಅದನ್ನು ನಂಬಬಾರದು.

ಸಾಧನಗಳ ವಿಷಯದಲ್ಲಿಯೂ ಮಳೆ ತನ್ನ ಪ್ರಭಾವವನ್ನು ಬೀರುತ್ತದೆ. ಆರೋಹಣದ ನೈಲಾನ್ ಹಗ್ಗ ನೆಂದರೆ ಭಾರವಾಗುತ್ತದೆ, ಹೆಚ್ಚು ಹಿಗ್ಗುತ್ತದೆ, ಅದರ ಶಕ್ತಿ ಕುಂದುತ್ತದೆ, ಹಿಡಿದವನ ಕೈಯಲ್ಲಿ ಜಾರುತ್ತದೆ. ಅದನ್ನು ನೀರು ತಾಗದ ಚೀಲದಲ್ಲಿಟ್ಟು ಒಯ್ಯಬೇಕು. ನೆಂದದ್ದನ್ನು ನೆರಳಿನಲ್ಲಿ ಒಣಗಿಸಬೇಕು. ತಲೆಗೆ ಹೆಲ್ಮೆಟ್ ಇಲ್ಲದೆ ಬಂಡೆಯ ಬುಡದಲ್ಲಿಯೂ ನಿಲ್ಲಬಾರದು, ಏಕೆಂದರೆ ಮಳೆಯಿಂದ ಮಣ್ಣು ಸಡಿಲಗೊಂಡಾಗ ಮೇಲಿನ ಕಲ್ಲುಗಳು ಉರುಳುತ್ತವೆ. ಒಂದು ಜೊತೆ ಒಣಬಟ್ಟೆ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಟಾರ್ಚ್, ಹೊಟ್ಟೆಗಿಷ್ಟು ಆಹಾರ, ಇವು ಹೊರೆಯಲ್ಲ, ಆಪದ್ಬಂಧುಗಳು.

ಸಿಡಿಲಿನ ವಿಷಯದಲ್ಲಿ ಲೆಕ್ಕ ಸರಳವಾಗಿದೆ. ಶಬ್ದವು ಒಂದು ಕಿಲೋಮೀಟರ್ ಸಾಗಲು ಸುಮಾರು 3 ಸೆಕೆಂಡುಗಳು ಬೇಕು. ಮಿಂಚು ಕಂಡು 30 ಸೆಕೆಂಡುಗಳೊಳಗೆ ಗುಡುಗು ಕೇಳಿದರೆ ಸಿಡಿಲು ಸುಮಾರು 10 ಕಿಲೋಮೀಟರ್ ಒಳಗೇ ಇದೆಯೆಂದು ಅರ್ಥ. ಆಗ ಬೆಟ್ಟದ ನೆತ್ತಿಯನ್ನೂ ಒಂಟಿಮರವನ್ನೂ ಬಂಡೆಯ ಪೊಟರೆಯ ಬಾಯನ್ನೂ ಬಿಟ್ಟು, ನೆಂದ ಹಗ್ಗದಿಂದ ದೂರ ಸರಿದು, ಭದ್ರವಾದ ಕಟ್ಟಡವನ್ನು ಸೇರಬೇಕು. ಕೊನೆಯ ಗುಡುಗು ಕೇಳಿ 30 ನಿಮಿಷ ಕಳೆಯುವವರೆಗೆ ಮರಳಿ ಹೊರಡಬಾರದು.

ಈಗ ಒಂದು ಶಾಲೆಯ ಹದಿನೈದು ಮಂದಿ ವಿದ್ಯಾರ್ಥಿಗಳು ಶಿಕ್ಷಕರೊಡನೆ ಚನ್ನಗಿರಿಯ ಕಡೆಗೆ ಹೊರಟಿರುವರೆಂದು ಭಾವಿಸೋಣ. ಅವರು ಹಿಂದಿನ ಸಂಜೆಯೇ ಒಂದು ಹಾಳೆಯಲ್ಲಿ ನಾಲ್ಕು ನಿಯಮಗಳನ್ನು ಬರೆದುಕೊಳ್ಳಬೇಕು. ಕಿತ್ತಳೆ ಅಥವಾ ಕೆಂಪು ಎಚ್ಚರಿಕೆಯಿದ್ದರೆ ಹೊರಡುವುದಿಲ್ಲ. ಬಂಡೆ ತೇವವಾಗಿದ್ದರೆ ಏರುವುದಿಲ್ಲ. ಮೊದಲ ಗುಡುಗು ಕೇಳಿದೊಡನೆ ಇಳಿಯುತ್ತೇವೆ. ಹನ್ನೆರಡು ಗಂಟೆಗೆ ಎಲ್ಲಿದ್ದರೂ ಹಿಂದಿರುಗುತ್ತೇವೆ. ಅರಣ್ಯ ಇಲಾಖೆಯ ಜಾಗವಾದರೆ ಅನುಮತಿ ಪಡೆಯಬೇಕು. ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗವು ಕೊಂಡುಕುರಿಗಳ ರಕ್ಷಿತಧಾಮವೆಂಬುದನ್ನು ಮರೆಯಬಾರದು. ಹಳೆಯ ಕೋಟೆಯ ಗೋಡೆಗಳಿಗೆ ಮೊಳೆ ಹೊಡೆಯುವುದಾಗಲಿ, ಅವುಗಳನ್ನು ಏರುವುದಾಗಲಿ ಕೂಡದು. ಎಲ್ಲಿಗೆ ಹೋಗುತ್ತೇವೆ, ಯಾವಾಗ ಬರುತ್ತೇವೆ ಎಂಬುದನ್ನು ಊರಿನಲ್ಲಿ ಒಬ್ಬರಿಗಾದರೂ ಬರೆದು ಕೊಡಬೇಕು. ತುರ್ತು ಸಹಾಯದ 112, ಆಂಬುಲೆನ್ಸಿನ 108 ಸಂಖ್ಯೆಗಳು ಎಲ್ಲರ ನಾಲಿಗೆಯ ಮೇಲಿರಬೇಕು.

ನಿಯಮಗಳನ್ನು ನೆಲದ ಮೇಲೆಯೇ ಏಕೆ ಬರೆಯಬೇಕು? ಬಂಡೆಯ ಬುಡಕ್ಕೆ ಬಂದ ಮೇಲೆ ಮನಸ್ಸು ನ್ಯಾಯಾಧೀಶನಾಗಿ ಉಳಿಯದೆ ವಕೀಲನಾಗುತ್ತದೆ. ಇಷ್ಟು ದೂರ ಬಂದೆವಲ್ಲ, ಹಣ ಖರ್ಚಾಯಿತಲ್ಲ, ಗೆಳೆಯರು ನಗುವರಲ್ಲ ಎಂದು ವಾದ ಹೂಡುತ್ತದೆ. ಬರೆದಿಟ್ಟ ನಿಯಮಕ್ಕೆ ಈ ವಾದ ಕೇಳಿಸದು. ತಂಡದಲ್ಲಿ ಅತ್ಯಂತ ಕಿರಿಯನು ‘ನನಗೆ ಭಯವಾಗುತ್ತಿದೆ’ ಎಂದರೂ ಅವನನ್ನು ಹಾಸ್ಯ ಮಾಡದೆ ಎಲ್ಲರೂ ನಿಲ್ಲಬೇಕು. ಹಿಂದಿರುಗುವುದು ಬರಿಗೈಯ ಮರಳುವಿಕೆಯಾಗದಿರಲು ಎರಡನೆಯ ಕಾರ್ಯಕ್ರಮವೊಂದು ಸಿದ್ಧವಿರಲಿ. ಚನ್ನಗಿರಿ ತಾಲ್ಲೂಕಿನಲ್ಲಿಯೇ ಶಾಂತಿಸಾಗರದಂತಹ ಹಿರಿಯ ಕೆರೆಯಿದೆ. ಅದರ ಏರಿಯ ರಚನೆಯನ್ನು ನೋಡಿ ಬರಬಹುದು. ಮಳೆ ಬಿಡದಿದ್ದರೆ ಶಾಲೆಯ ಸಭಾಂಗಣದಲ್ಲಿಯೇ ಹಗ್ಗದ ಗಂಟುಗಳನ್ನು ಅಭ್ಯಾಸ ಮಾಡಬಹುದು.

ಜಗತ್ತಿನ ಅತಿ ಎತ್ತರದ ಶಿಖರದ ಇತಿಹಾಸವೂ ಇದನ್ನೇ ಸಾರುತ್ತದೆ. 1922ರಲ್ಲಿ ಎವರೆಸ್ಟನ್ನು ಏರಲು ಹೋದ ಬ್ರಿಟಿಷ್ ತಂಡವು ಮುಂಗಾರು ಮೇಲೆ ಬರುತ್ತಿದ್ದ ಜೂನ್ ತಿಂಗಳಲ್ಲಿ, ಹೊಸ ಹಿಮ ಬಿದ್ದಿದ್ದರೂ, ಇನ್ನೊಂದು ಪ್ರಯತ್ನಕ್ಕೆ ಹೊರಟಿತು. ಜೂನ್ 7ರಂದು ಹಿಮ ಕುಸಿದು ಏಳು ಮಂದಿ ಹೊರೆಯಾಳುಗಳು ಮಡಿದರು. ಹೊರಡುವ ನಿರ್ಧಾರ ಅವರದಾಗಿರಲಿಲ್ಲ, ಬೆಲೆ ತೆತ್ತವರು ಮಾತ್ರ ಅವರು. 1953ರ ತಂಡವು ಮುಂಗಾರಿಗೆ ಮೊದಲೇ ಕಾರ್ಯ ಮುಗಿಯುವಂತೆ ದಿನಗಳನ್ನು ಲೆಕ್ಕ ಹಾಕಿ ಹೊರಟಿತ್ತು. ಆ ವರ್ಷ ಮೇ 29ರಂದು ತೇನ್‌ಸಿಂಗ್ ನೋರ್ಗೆ ಮತ್ತು ಎಡ್ಮಂಡ್ ಹಿಲರಿ ಶಿಖರವನ್ನು ಮುಟ್ಟಿದರು. ಅವರ ಧೈರ್ಯ ದೊಡ್ಡದು. ಆ ಧೈರ್ಯಕ್ಕೆ ದಾರಿ ಮಾಡಿಕೊಟ್ಟ ಲೆಕ್ಕಾಚಾರವೂ ಅಷ್ಟೇ ದೊಡ್ಡದು.

ಸಾಹಸವು ತರುಣರಿಗೆ ಭೂಷಣ. ಆದರೆ ಸಾಹಸಕ್ಕೂ ಹುಂಬತನಕ್ಕೂ ನಡುವೆ ಒಂದು ಗೆರೆಯಿದೆ. ಆ ಗೆರೆಯನ್ನು ಮಳೆಗಾಲದಲ್ಲಿ ಕಾಣುವುದು ಕಷ್ಟ. ಬಂಡೆ ಸಾವಿರಾರು ವರ್ಷಗಳಿಂದ ಅಲ್ಲಿಯೇ ನಿಂತಿದೆ, ಮುಂದಿನ ಬಿಸಿಲಿಗೂ ಅಲ್ಲಿಯೇ ಇರುತ್ತದೆ. ಅದನ್ನು ಏರಲು ನಾವೂ ಇರಬೇಕಾದರೆ ಕೆಲವು ದಿನ ಅದರ ಬುಡದಿಂದಲೇ ಹಿಂದಿರುಗಲು ಕಲಿಯಬೇಕು.